ಸಾಂದಾ

ಕಾಶವ್ವ ಚಿಗವ್ವನ ಹೆಬ್ಬೆರಳಲ್ಲಿ ಗೆರೆಗಳಿಲ್ಲ.
ರೇಷನ್ ಅಂಗಡಿಯ ಮಷೀನು
ಮೂರು ಸಲ ಒತ್ತಿಸಿಕೊಂಡು, ಮೂರು ಸಲವೂ
ಕೆಂಪು ದೀಪ ಹತ್ತಿಸಿತು: ಈಕೆ ಆಕೆಯಲ್ಲ.
"ಹಂಗಾರ ನಾ ಯಾರಂತ ಅದನ್ನಽ ಕೇಳೋ" ಅಂದಳು.
ಪಾಳಿಯಲ್ಲಿದ್ದವರು ನಕ್ಕರು, ತಾನೂ ನಕ್ಕಳು,
ಗೋಧಿಯ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟು
ಸೊಲ್ಲಾಪುರದ ಬಿಸಿಲಿಗೆ ಇಳಿದಳು. ಹಿಂದೆ ನಾನು.

ಗೆರೆ ಎಲ್ಲಿ ಹೋದವೆಂದು ನನಗೆ ಗೊತ್ತು.
ಇಪ್ಪತ್ತಾರು ವರ್ಷ, ಗಿರಣಿಯ ವೈಂಡಿಂಗ್ ಖಾತೆ.
ಭೋಂಗಾ ಕೂಗುವ ಮೊದಲೇ
ರೊಟ್ಟಿಯೊಳಗೆ ಶೇಂಗಾ ಹಿಂಡಿ ಸುತ್ತಿಕೊಂಡು ಹೊರಟುಬಿಡುವಳು.
ಓಡುವ ನೂಲು ಫಟ್ಟನೆ ಹರಿದರೆ
ಎರಡು ತುದಿ ಹುಡುಕು, ಒಂದರ ಮೇಲೊಂದು ಹಾಯಿಸು,
ಹೆಬ್ಬೆರಳಿಂದ ಅದುಮು, ಸುತ್ತು, ಜಗ್ಗು, ಬಿಡು.
ಉಸಿರು ಬಿಡುವಷ್ಟರಲ್ಲಿ ಒಂದು ಸಾಂದಾ.
ದಿನಕ್ಕೆ ಎಷ್ಟು ಎಂದು ಒಮ್ಮೆ ಕೇಳಿದ್ದೆ.
"ಉಸರ ಎಣಿಸ್ತಾರೇನ?"

ಗಂಟು ಕೈಗೆ ಹತ್ತಬಾರದು, ಅದು ಕಾಯದೆ.
ಹತ್ತಿದರೆ ಸಾಹೇಬ ಪಗಾರದಲ್ಲಿ ಮುರಿಯುತ್ತಿದ್ದ.
ಚಾದರಿನ ಮೇಲೆ ನವಿಲು ಬಿಡಿಸಿದವನಿಗೆ ಹೆಸರಿತ್ತು,
ನೇಯ್ದವನಿಗೆ ನಂಬರಿತ್ತು,
ಕೂಡಿಸಿದವಳಿಗೆ, ತಾನು ಕೂಡಿಸಿದ್ದು ಯಾರಿಗೂ ಕಾಣದಂತೆ
ಕೂಡಿಸುವ ಕೆಲಸ.

ಎಡಕ್ಕೆ ನರಸಮ್ಮ ಚಿಪ್ಪಾ, ಬಲಕ್ಕೆ ಶೆವಂತಾ ಲೋಂಢೆ.
ಆ ಗದ್ದಲದಲ್ಲಿ ಯಾರ ದನಿ ಯಾರಿಗೂ ಕೇಳದು,
ತುಟಿ ನೋಡಿಯೇ ಮಾತು.
ತೆಲುಗು ತುಟಿ, ಮರಾಠಿ ತುಟಿ, ನಮ್ಮ ಚಿಗವ್ವನ ತುಟಿ,
ಕೇಳಿಸದ ಮೇಲೆ ಯಾವ ಭಾಷೆಯಾದರೇನು.
ಮನೆಗೆ ಬಂದರೂ ನಾಲಿಗೆ ಮಷೀನಿನ ಮುಂದೆಯೇ:
"ಲವಕರ ಬಾರೇ, ಪೊದ್ದು ಮುಳಗ್ತು!"
ನಮಗದು ಒಂದೇ ವಾಕ್ಯ. ಎಲ್ಲೂ ಗಂಟು ಹತ್ತಿರಲಿಲ್ಲ.
ಮುಂದೆ ಶಾಲೆಗೆ ಹೋದಾಗ ಮಾಸ್ತರರು
ಎರಡು ಕಡೆ ಕೆಂಪು ಶಾಯಿ ಎಳೆದು ತೋರಿಸಿಕೊಟ್ಟರು.

ಈಗ ಆ ಕೆಂಪು ಶಾಯಿ ನನ್ನ ಕೈಯಲ್ಲಿದೆ.
ಎಂಟನೆಯ ಇಯತ್ತೆ, ಕನ್ನಡ ಮಾಧ್ಯಮ, ಹನ್ನೊಂದು ಮಕ್ಕಳು.
ಹೋದ ವಾರ ಬೋರ್ಡಿನ ಮೇಲೆ ಬರೆದೆ:
ಸಂಶ್ಲೇಷಣೆ ಎಂದರೆ ಬಿಡಿಬಿಡಿಯನ್ನು ಕೂಡಿಸಿ ಇಡಿಯಾಗಿಸುವುದು.
ಹಿಂದಿನ ಬೆಂಚಿನ ಸುಗಲಾ ಎದ್ದು ನಿಂತಳು,
"ಕೂಡಿದ ಮ್ಯಾಲ ಬಿಡಿ ಎಲ್ಲಿ ಹೋಗ್ತಾವ್ರಿ ಬಾಯಿ?"
ಗಂಟೆ ಹೊಡೆಯಿತು. ಹೊಡೆಯದಿದ್ದರೆ
ಏನು ಹೇಳುತ್ತಿದ್ದೆನೋ, ಇವತ್ತಿಗೂ ತಿಳಿಯದು.

ರೇಷನ್ ಅಂಗಡಿಯಿಂದ ಬರುವಾಗ
ನರಸಮ್ಮನ ಮೊಮ್ಮಗಳ ಮದುವೆಗೆಂದು
ಚಾದರು ನೋಡಲು ಹೋದೆವು.
ಅಂಗಡಿಯ ಹುಡುಗ ಹಾಸಿ ಹಾಸಿ ತೋರಿಸಿದ,
ಬಣ್ಣ, ಅಂಚು, ಮತ್ತದೇ ನವಿಲು.
ಚಿಗವ್ವ ಬಣ್ಣ ನೋಡಲಿಲ್ಲ. ಕಣ್ಣು ಮುಚ್ಚಿ
ಗೆರೆಯಿಲ್ಲದ ಹೆಬ್ಬೆರಳನ್ನು ಮೆಲ್ಲಗೆ ಹರಿಯಬಿಟ್ಟಳು,
ಬೇಳೆಯಲ್ಲಿ ಹರಳು ಹುಡುಕುವ ಹಾಗೆ.
ನವಿಲಿನ ಕೊರಳ ಹತ್ತಿರ ನಿಂತಳು.
"ಇಲ್ಲಿ ಒಬ್ಬಾಕಿಗೆ ನಿದ್ದಿ ಬಂದಿತ್ತು ನೋಡಽ.
ರಾತ್ರಿ ಪಾಳಿ."

ನಾನು ಮುಟ್ಟಿದೆ. ನನಗೇನೂ ಹತ್ತಲಿಲ್ಲ.
ಹುಡುಗ ಗಾಬರಿಯಾಗಿ, ಅಜ್ಜಿ, ಅದು ಡ್ಯಾಮೇಜು,
ಬೇರೆ ಕೊಡ್ತೀನಿ ಎಂದು ಎಳೆಯಲು ಬಂದ.
ಬಿಡಲಿಲ್ಲ ಅವಳು. ಒಂದು ತುದಿ ಅವನ ಕೈಯಲ್ಲಿ,
ಒಂದು ತುದಿ ಇವಳ ಕೈಯಲ್ಲಿ, ನಡುವೆ
ಹೆಸರು ಗೊತ್ತಿಲ್ಲದ ಯಾವಳದೋ ಆಕಳಿಕೆ.
"ಬ್ಯಾಡ. ಇದಽ ಇರ್ಲಿ" ಅಂದಳು,
ಹತ್ತು ರೂಪಾಯಿ ಕಡಿಮೆ ಮಾಡಿಸಿಕೊಂಡು.

ಗೋಧಿಯ ಖಾಲಿ ಚೀಲದಲ್ಲಿ ಚಾದರು
ಸರಿಯಾಗಿ ಹಿಡಿಯಿತು.